ಬೇಲಿ ಬ್ಯಾಟರಿಯ ನೀರು

ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆಯುವುದರಿಂದ ಹಿಡಿದು, ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿ ನೋಡಿಕೊಳ್ಳುವವರೆಗೆ ಎಲ್ಲವೂ ನನ್ನ ತಲೆಗೇ. ಬೇಲಿಗೆ ಕರೆಂಟು ಕೊಡುವ ದೊಡ್ಡ ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಸಾಯುತ್ತದೆ. ಮೂಡಿಗೆರೆಯಿಂದ ಹೊಸದನ್ನು ತಂದು ಕೂರಿಸಿ, ಹಳೆಯದನ್ನು ಪಂಪ್‌ಹೌಸಿನ ಮೂಲೆಗೆ ತಳ್ಳಿಬಿಡುತ್ತಿದ್ದೆ.

ಹಾಗೆ ಎರಡು ಸೇರಿದ್ದಾಗ ಗುಜರಿಯವನೊಬ್ಬ ಗೂಡ್ಸ್ ಆಟೋದಲ್ಲಿ ಬಂದ. "ನೀರು ಚೆಲ್ಲಿ ಕೊಡಿ ಸಾರ್, ಆಟೋದಲ್ಲೆಲ್ಲ ಸೋರ್ತದೆ" ಅಂದ. ಅದು ಬರೀ ನೀರೆಂದು ನಾನು ತಿಳಿದಿದ್ದೆ ಎಂದರೆ ಸುಳ್ಳಾಗುತ್ತದೆ. ಆಸಿಡ್ ಎಂದು ಗೊತ್ತಿತ್ತು. ಆದರೂ ಪಂಪ್‌ಹೌಸಿನ ಹಿಂದೆ, ಹಳ್ಳದ ದಂಡೆಯಲ್ಲಿ ಎರಡನ್ನೂ ಮಗುಚಿ ಹಾಕಿದೆ. ಇಷ್ಟು ದೊಡ್ಡ ತೋಟಕ್ಕೆ ಅದು ಯಾವ ಲೆಕ್ಕ ಎಂದುಕೊಂಡೆ.

ನಮ್ಮ ಆಳುಗಳ ಲೈನ್‌ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜಿಯೊಬ್ಬರಿದ್ದಾರೆ. ಕಾಫಿ ಹಣ್ಣು ಕೊಯ್ಯುವುದರಲ್ಲಿ ಈಗಲೂ ಸೊಸೆಯಂದಿರನ್ನು ಹಿಂದೆ ಹಾಕುತ್ತಾರೆ. ನಾನು ಮಧ್ಯಾಹ್ನ ಊಟ ಬಿಟ್ಟರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತದೆ. ರೊಟ್ಟಿಗೆ ಕೆಸುವಿನ ಚಟ್ನಿ ಹಚ್ಚಿ, ಬಾಳೆಲೆಯಲ್ಲಿ ಕಟ್ಟಿ ತಂದು ಆಫೀಸಿನ ಕಿಟಕಿಯಲ್ಲಿಟ್ಟು ಹೋಗುತ್ತಾರೆ.

ಮುಂದಿನ ವಾರ ಅವರು ಆಫೀಸಿಗೆ ಬಂದಾಗ ಕೈಯಲ್ಲಿ ಒಂದು ಹತ್ತಿ ಸೀರೆ ಇತ್ತು. ಮೇಜಿನ ಮೇಲೆ ಹರಡಿದರು. ಒಂದು ಬದಿಯೆಲ್ಲ ಜರಡಿಯ ಹಾಗೆ ತೂತು.

"ನೋಡಿ ರೈಟ್ರೇ, ಇಲಿ ಕಡ್ದಿದ್ದಲ್ಲ ಇದು. ಕೆಸು ಕೊಯ್ಯಕ್ಕೆ ಹೋದಾಗ ಪಂಪ್‌ಹೌಸ್ ಹಿಂದೆ ಕೂತಿದ್ದೆ. ಕಾಲೂ ಉರೀತಿತ್ತು. ಸೀರೆ ಒಗ್ದ ಮೇಲೆ ಹಿಂಗಾಗಿದೆ. ಅಲ್ಲಿ ಹುಲ್ಲೆಲ್ಲ ಸುಟ್ಟೋಗಿದೆ. ಯಾರೋ ಔಷಧಿ ಚೆಲ್ಲಿರ್ಬೇಕು, ಸ್ವಲ್ಪ ವಿಚಾರ್ಸಿ."

ವಿಚಾರಿಸುವುದಕ್ಕೆ ಏನೂ ಇರಲಿಲ್ಲ. ಹಿಂದಿನ ದಿನವಷ್ಟೇ ನನ್ನ ಪ್ಯಾಂಟಿನ ಮೊಣಕಾಲಿನ ಹತ್ತಿರ ಅಂಥದ್ದೇ ತೂತುಗಳನ್ನು ಕಂಡಿದ್ದೆ.

"ಅಜ್ಜಿ, ಚೆಲ್ಲಿದ್ದು ನಾನೇ. ಬೇಲಿ ಬ್ಯಾಟ್ರಿದು ಆಸಿಡ್."

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. "ನಿಮ್ ಕಣ್ಣಿಗೆ ಹಾರಿದ್ರೆ ಏನ್ ಮಾಡ್ತಿದ್ರಿ?" ಎಂದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಅವತ್ತೇ ಇಬ್ಬರೂ ಹೋಗಿ, ತೋಟಕ್ಕೆಂದು ತರಿಸಿದ್ದ ಸುಣ್ಣವನ್ನು ಆ ಜಾಗಕ್ಕೆ ಹರಡಿದೆವು. ಮಾರನೆಯ ದಿನ ಮೂಡಿಗೆರೆಯ ಬ್ಯಾಟರಿ ಅಂಗಡಿಯವರ ಹತ್ತಿರ ಹೇಳಿಕೊಂಡೆ.

"ಸುಣ್ಣಕ್ಕೆ ಆಸಿಡ್ ಸಾಯ್ತದೆ ಮಾರಾಯ್ರೆ. ಅದ್ರ ಜೊತೆ ಹೋದ ಸೀಸ ಮಣ್ಣಲ್ಲೇ ಕೂತಿರ್ತದೆ. ಆಮೇಲೆ ಸೊಪ್ಪಿಗೆ, ನೀರಿಗೆ, ಮಕ್ಕಳ ಮೈಗೆ. ಇನ್ಮೇಲೆ ಹಳೇದನ್ನ ಹಂಗೇ ನೆಟ್ಟಗೆ ತಂದ್ಕೊಡಿ. ಫ್ಯಾಕ್ಟರಿಯಲ್ಲಿ ಸೀಸ ಕರಗ್ಸಿ ಮತ್ತೆ ಬ್ಯಾಟ್ರಿನೇ ಮಾಡ್ತಾರೆ, ಪ್ಲಾಸ್ಟಿಕ್ಕೂ ಬಿಡಲ್ಲ. ಅಷ್ಟರ ಮಟ್ಟಿಗೆ ಗಣಿ ತೋಡೋದು ತಪ್ತದೆ."

ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅಲ್ಲಿ ಯಾರೂ ಸೊಪ್ಪು ಕೊಯ್ಯಬಾರದೆಂದು ಸುತ್ತ ಬಿದಿರು ಕಟ್ಟಿದೆವು. ಅಲ್ಲಿಂದ ಕೆಳಕ್ಕೆ ಹಳ್ಳದಲ್ಲಿ ಏಡಿ ಹಿಡಿಯುವುದನ್ನೂ ಅಜ್ಜಿ ನಿಲ್ಲಿಸಿದರು. ಆ ಭಾನುವಾರ ನನ್ನ ಹೆಂಡತಿ ಹೊಸ ಸೀರೆ ಕೊಟ್ಟಾಗ "ರೈಟ್ರ ದಂಡವಾ ಇದು?" ಎಂದು ನಗುತ್ತಾ ತೆಗೆದುಕೊಂಡರು.

ಅಷ್ಟಕ್ಕೆ ಸುಮ್ಮನಾಗುವ ಜೀವವಲ್ಲ ಅದು. ಟಾರ್ಚಿನ ಸೆಲ್ಲು, ರಿಮೋಟಿನ ಸೆಲ್ಲು ಮುಗಿದರೆ ಲೈನಿನಲ್ಲಿ ಬಚ್ಚಲೊಲೆಗೋ ಚರಂಡಿಗೋ ಎಸೆಯುತ್ತಿದ್ದರು. ಅಜ್ಜಿ ಮನೆಮನೆಗೆ ಹೋಗಿ, "ಒಲೆಗೆ ಹಾಕ್ಬೇಡ್ರೇ, ಆ ಹೊಗೆ ಕುಡಿಯೋವು ನಿಮ್ ಮಕ್ಳೇ" ಎಂದು ಹೇಳಿ, ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಸತೊಡಗಿದರು. ಮೊಬೈಲಿನ ಬ್ಯಾಟರಿಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತದಂತೆ, ತುದಿಗೆ ಟೇಪು ಅಂಟಿಸಿ ಬೇರೆ ಇಡಲು ಹೇಳಿಕೊಟ್ಟೆ. ಡಬ್ಬ ತುಂಬಿದಾಗ ಚಿಕ್ಕಮಗಳೂರಿಗೆ ಒಯ್ದು, ಹಳೇ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವವರಿಗೆ ಕೊಡುತ್ತೇನೆ.

ಈ ವರ್ಷ ಬೇಲಿಯ ಬ್ಯಾಟರಿ ಮತ್ತೆ ಕೈಕೊಟ್ಟಿತು. ಸುದ್ದಿ ತಿಳಿದ ಅಜ್ಜಿ ತಾವೂ ಮೂಡಿಗೆರೆಗೆ ಬರುತ್ತೇನೆಂದು ಜೀಪು ಹತ್ತಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕೂತು, ಬ್ಯಾಟರಿ ಅಲ್ಲಾಡದ ಹಾಗೆ ಅದರ ಸುತ್ತ ಗೋಣಿಚೀಲ ಒತ್ತಿ ಹಿಡಿದಿದ್ದರು.

"ಇದು ಮತ್ತೆ ನಮ್ ತೋಟಕ್ಕೇ ಬರ್ತದಾ?" ಎಂದು ಅಂಗಡಿಯವರನ್ನು ಕೇಳಿದರು.

"ಯಾವ ಊರಿಗೆ ಹೋಗ್ತದೋ ಗೊತ್ತಿಲ್ಲ ಅಜ್ಜಿ."

"ಎಲ್ಲಾದ್ರೂ ಹೋಗ್ಲಿ ಬಿಡಿ, ಯಾರದ್ದಾದ್ರೂ ಮನೆ ದೀಪ ಉರೀಲಿ."

ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಇಬ್ಬರೂ ಬನ್ನು ತಿಂದು ಟೀ ಕುಡಿದೆವು. ನನ್ನ ಲೋಟ ಖಾಲಿಯಾಗುವಷ್ಟರಲ್ಲಿ ಅವರು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಬೇಗ ಬನ್ನಿ ಎಂದು ಕೈ ಬೀಸುತ್ತಿದ್ದರು.