ತಗಡಿನ ಗೋದಾಮಿನ ಟಕಟಕ

ರಾಣೆಬೆನ್ನೂರಿನ ನನ್ನ ಕಂಪ್ಯೂಟರ್ ಕ್ಲಾಸ್ ಮುಚ್ಚಿದಾಗ ಆ ದಪ್ಪ ಬೆನ್ನಿನ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಮಕ್ಕಳ ಬೆರಳು ತಾಗಿ ತಾಗಿ ಕೀಬೋರ್ಡಿನ ಅಕ್ಷರವೇ ಅಳಿಸಿಹೋಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಖಾದರ್ ಸಾಹೇಬರು ತಮ್ಮ ತಗಡಿನ ಗೋದಾಮಿನಲ್ಲಿ ಒಂದು ಮೂಲೆ ಕೊಟ್ಟರು. ಸುಗ್ಗಿ ಮುಗಿದ ಮೇಲೆ ಅವರ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗಿರುತ್ತಿತ್ತು, ನನ್ನ ಕಂಪ್ಯೂಟರುಗಳು ತಗಡಿನಡಿ ಬೇಯುತ್ತಿದ್ದವು.

ಈ ಸುಗ್ಗಿಯಲ್ಲಿ ಸಾಹೇಬರ ಫೋನ್ ಬಂತು. "ಟೀಚರ್, ಸಂಜಿ ಆತಂದ್ರ ಒಳಗ ಯಾರೋ ಟೈಪ್ ಮಾಡಾಕತ್ತಾರ್ರಿ. ಹಮಾಲರು ಒಳಗ ಹೋಗವಲ್ರು. ನಿಮ್ಮ ಉಡುಪಿ ಕಡೀ ಭೂತ ತಂದಿಟ್ಟೀರೇನು? ನಾಳೆ ಮಾಲು ಬರತೈತಿ, ಇವನ್ನ ಗುಜರಿಗೆ ಕಳಸ್ತೇನಿ."

ಬಸ್ಸು ಹಿಡಿದು ಹೋದೆ. ಬಿಸಿಲು ಇಳಿಯುತ್ತಿದ್ದಂತೆ ಕತ್ತಲ ಮೂಲೆಯಿಂದ ಟಕ್, ಟಕಟಕ್ ಎಂದು ಶುರುವಾಯಿತು. ಅಲ್ಲಿ ಕರೆಂಟಿನ ಒಂದು ವೈರೂ ಇರಲಿಲ್ಲ.

"ಹಗಲು ಕಾದ ಪ್ಲಾಸ್ಟಿಕ್ ತಂಪಾಗುವಾಗ ಕುಗ್ಗುತ್ತದೆ, ಅಷ್ಟೇ ಮಾರಾಯ್ರೆ" ಎಂದೆ. ಹಮಾಲರು ಬಾಗಿಲು ದಾಟಲಿಲ್ಲ. ಪರೀಕ್ಷೆಯ ಕೊನೆಯ ಗಳಿಗೆಯಲ್ಲಿ ಮಕ್ಕಳು ಅವಸರದಿಂದ ಬಡಿಯುವ ಹಾಗೆ ಸದ್ದು ಹೆಚ್ಚಾಯಿತು. ನನ್ನ ಬಾಯಿಂದ ತಾನಾಗಿ ಬಂತು: "ಟೈಮ್ ಆಯ್ತು, ಕೈ ತೆಗೀರಿ!"

ಎಲ್ಲ ಒಮ್ಮೆಲೇ ನಿಂತಿತು.

ಬಾಗಿಲಲ್ಲಿದ್ದ ಸಾಹೇಬರು ಒಳಗೆ ಇಣುಕಿ ನೋಡಿದರು. ಆಮೇಲೆ ಮೆಲ್ಲಗೆ, "ಇರಲಿ ಬಿಡ್ರಿ ಟೀಚರ್, ನಿಮ್ಮ ಮಾತು ಕೇಳ್ತಾವ" ಅಂದರು.

ಈಗ ಮಾಲು ಇಳಿಸುವ ಸಂಜೆಗಳಲ್ಲಿ ಟಕಟಕ ನಿಲ್ಲಿಸಲೆಂದು ಅವರು ನನಗೆ ಗಾಡಿ ಕಳಿಸುತ್ತಾರೆ. ಪ್ಲಾಸ್ಟಿಕ್ ಕುಗ್ಗುವುದನ್ನು ಹಮಾಲರಿಗೆ ಪ್ರತಿ ಸಲವೂ ವಿವರಿಸುತ್ತೇನೆ. ಆದರೆ ಕ್ಲಾಸ್ ನಡೆಸಿದಷ್ಟು ಕಾಲವೂ ಒಬ್ಬ ವಿದ್ಯಾರ್ಥಿಯೂ ನಾನು ಹೇಳಿದ ಕೂಡಲೇ ಕೈ ತೆಗೆದವನಲ್ಲ. ಹಾಗಾದರೆ ಇಲ್ಲಿ ನನ್ನ ಮಾತು ಕೇಳುತ್ತಿರುವುದು ಯಾರು? ನನ್ನ ಹೆದರಿಕೆಯೆಲ್ಲ ಅದೇ.