ಹಂಡೇಲಿ ಬೆಂದ ಚೆಂಡು

ಮುನಿಯಣ್ಣ ಸೋತಿದ್ದು ಅವನ ಕೈಯಿಂದಲ್ಲ, ನಮ್ಮನೆ ಬಚ್ಚಲ ಹಂಡೆಯಿಂದ. ಆ ಹಂಡೆಗೆ ನೀರು ತುಂಬಿ, ಅದರೊಳಗೆ ಎರಡು ರಬ್ಬರ್ ಚೆಂಡು ಬಿಟ್ಟು, ಕುದಿಯೋವರೆಗೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಊದಿದ ಮಹಾನುಭಾವ ನಾನು. ಇಷ್ಟೇ ಆಗಿದ್ರೆ ಪೆದ್ದತನ ಅಂತ ನಕ್ಕು ಬಿಡಬಹುದಾಗಿತ್ತು — ನಾನೂ ಹಾಗೇ ನಕ್ಕೊಂಡು, ನಾಲ್ಕು ಜನರನ್ನ ನಗಿಸ್ಕೊಂಡು ಓಡಾಡ್ದೆ. ಆದ್ರೆ ಪೆದ್ದತನದ ಹಿಂದೇನೇ ಒಂದು ಸುಳ್ಳು ಹೇಳಿದೀನಿ. ಅದನ್ನ ಮಾತ್ರ ಯಾರಿಗೂ ಹೇಳಿರ್ಲಿಲ್ಲ. ಅದಕ್ಕೇ ಇದು.

ನನ್ನ ಹೆಸರು ಗುರುಸಿದ್ಧ. ಮನೆ ಚಾಮರಾಜಪೇಟೆ. ಇಂಟರ್ಮೀಡಿಯಟ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲಕ್ಕೆ ಕೂತ್ರೆ ಪರೀಕ್ಷೆಗೇ ಅವಮಾನ ಅಂತ ಬಿಟ್ಟೋನು. ನಮ್ಮ ಸೋದರಮಾವ ರುದ್ರಪ್ಪನೋರದ್ದು ಪೇಟೇಲಿ ಜವಳಿ ಅಂಗಡಿ. ಅಲ್ಲಿ ಗಜ ಹಿಡಿಯೋಕೆ ನನ್ನ ನಿಲ್ಲಿಸಿದ್ರು. ಮೊದಲನೇ ವಾರದಲ್ಲೇ ಒಬ್ಬರ ಮದುವೆ ಸೀರೆಗೆ ಅರ್ಧ ಮೊಳ ಕಮ್ಮಿ ಹರಿದುಕೊಟ್ಟೆ. ಮದುಮಗಳ ಅಜ್ಜಿ ಅಂಗಡೀಗೆ ಬಂದು ನನ್ನ ವಂಶ ಏಳು ತಲೆಮಾರು ಹಿಂದಕ್ಕೆ ಅಳೆದುಹೋದ್ರು. ಅವತ್ತಿಂದ ಮಾವ ನನ್ನನ್ನ ಅಳೆಯೋ ಕೆಲಸ ಇಲ್ಲದ ಕಡೆ ಹಾಕಿದ್ರು — ಅವರ ಸ್ಕ್ವಾಷ್ ಕೋರ್ಟಿಗೆ.

ಜವಳಿ ವ್ಯಾಪಾರಿಗೆ ಸ್ಕ್ವಾಷ್ ಎಲ್ಲಿಂದ ಬಂತು ಅಂತೀರಾ? ಮಾವ ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟಿಗೆ, ಬಟ್ಟೆ ಸರಬರಾಜು ಮಾಡ್ತಿದ್ರು. ಅಲ್ಲಿ ಸಾಹೇಬ್ರುಗಳು ನಾಕು ಗೋಡೆ ಮಧ್ಯೆ ಚೆಂಡು ಚಚ್ಚೋದು ನೋಡಿ ಮನಸೋತುಬಿಟ್ರು. ಬಸವನಗುಡೀಲಿ ಹೊಸ ಬಂಗಲೆ ಹಿಂದೆ ಗೋಡೌನ್ ಕಟ್ಟೋಕೆ ಅಂತ ಗೋಡೆ ಎಬ್ಬಿಸಿದ್ರಲ್ಲ, ಅದಕ್ಕೆ ಗಾರೆ ಮಾಡಿಸಿ ಕೋರ್ಟ್ ಅಂದ್ರು. ಆಟ ಸುಲಭ — ಕಷ್ಟದ್ದಾಗಿದ್ರೆ ನನಗೆ ಅರ್ಥಾನೇ ಆಗ್ತಿರ್ಲಿಲ್ಲ. ಇಬ್ಬರು ಒಳಗೆ. ಒಬ್ಬ ಎದುರು ಗೋಡೆಗೆ ಚೆಂಡು ಹೊಡೀಬೇಕು, ಅದು ಎರಡನೇ ಸಲ ನೆಲ ಮುಟ್ಟೋದ್ರೊಳಗೆ ಇನ್ನೊಬ್ಬ ಹೊಡೀಬೇಕು. ಗೋಡೆ ಬುಡದಲ್ಲಿ ಒಂದು ಮೊಳದಷ್ಟು ತಗಡು. ತಗಡಿಗೆ ಬಡಿದ್ರೆ ಢಣ್ ಅನ್ನತ್ತೆ, ಹೊಡೆದೋನು ಕೆಟ್ಟ. ನಾನು ಆಡಿದ ದಿನ ಅಕ್ಕಪಕ್ಕದ ಬಂಗಲೆಯೋರು ರುದ್ರಪ್ಪನೋರ ಮನೇಲಿ ಪೂಜೆ ಏನೋ ಅಂತ ಕೇಳ್ತಿದ್ರು.

ಇದನ್ನೆಲ್ಲ ಕಲಿಸೋಕೆ ಬಂದೋನು ಮುನಿಯಣ್ಣ. ನಲವತ್ತೆಂಟು ವಯಸ್ಸು, ಕಡ್ಡಿ ಥರ ಆಳು. ತರಕಾರಿ ತೋಟದೋರ ಮನೆಯೋನು, ಆದ್ರೆ ಚಿಕ್ಕಂದಿನಲ್ಲೇ ದಂಡಿಗೆ ಹೋಗಿ, ಸಾಹೇಬ್ರ ಕೋರ್ಟಲ್ಲಿ ಇಪ್ಪತ್ತು ವರ್ಷ ಮಾರ್ಕರ್ ಆಗಿದ್ದ. ಮಾರ್ಕರ್ ಅಂದ್ರೆ ಲೆಕ್ಕ ಕೂಗೋನು, ಕಲಿಸೋನು, ಜೊತೆ ಇಲ್ಲದೋರಿಗೆ ಜೊತೆ ಆಡೋನು — ಮೂರೂ. ಮಹಾಯುದ್ಧ ಮುಗಿದು ಆ ಪಲ್ಟನ್ನು ಬೇರೆ ಊರಿಗೆ ಹೋಯ್ತು, ಇವನ ಕೆಲಸಾನೂ ಹೋಯ್ತು. ಮಾವ ನಾಕು ತಿಂಗಳು ನೋಡೋಣ ಅಂತ ಇಟ್ಕೊಂಡ್ರು. ಖಾಯಂ ಆದ್ರೆ ಬಂಗಲೆ ಹಿಂದಿನ ಎರಡು ಕೋಣೆ ಅವನ ಸಂಸಾರಕ್ಕೆ.

ಅವನು ನನಗೆ ಮೊದಲು ಕಲಿಸಿದ್ದು ಹೊಡೆಯೋದಲ್ಲ, ಚೆಂಡು ಬಿಸಿ ಮಾಡೋದು. ತಣ್ಣಗಿದ್ರೆ ಆ ಚೆಂಡು ನಿನ್ನೆಯ ಮುದ್ದೆ, ಬಿದ್ದಲ್ಲೇ ಕೂತ್ಕೊಳತ್ತೆ. ಬಿಸಿಯಾದ್ರೆ ಕರು ಥರ ನೆಗೆಯತ್ತೆ. ಅದಕ್ಕೇ ಆಟಕ್ಕೆ ಮುಂಚೆ ಅಂಗೈಯಲ್ಲಿ ಉಜ್ಜಬೇಕು, ಗೋಡೆಗೆ ಸುಮ್ಮನೆ ಸ್ವಲ್ಪ ಹೊತ್ತು ಬಡೀಬೇಕು.

"ಎಷ್ಟು ಬಿಸಿ ಮುನಿಯಣ್ಣ?"

"ಹಾಲಿಗೆ ಹೆಪ್ಪು ಹಾಕ್ತಾರಲ್ಲ ಸ್ವಾಮಿ, ಆ ಹದ. ಅದಕ್ಕಿಂತ ಜಾಸ್ತಿ ಆದ್ರೆ ಮೊಸರೂ ಕೆಡತ್ತೆ, ಆಟಾನೂ ಕೆಡತ್ತೆ."

ಹೇಳಿದ್ದ. ಹೇಳಿಲ್ಲ ಅಂತ ನಾನು ಅನ್ನೋ ಹಾಗಿಲ್ಲ.

ನಾಕು ತಿಂಗಳು ಮುಗೀತಾ ಬಂದಾಗ ಮಾವನ ಸ್ನೇಹಿತರೊಬ್ಬರು ಇನ್ನೊಬ್ಬನ್ನ ಕಳಿಸಿದ್ರು. ಅರುಳ್‌ದಾಸ್ ಅಂತ, ದಂಡಿನ ಹುಡುಗ, ಇಪ್ಪತ್ತೈದು ವಯಸ್ಸು, ತೋಳು ಒನಕೆ ಇದ್ದಂಗೆ. ಮಾವ ವ್ಯಾಪಾರಿ, ಎರಡು ಥಾನು ಮುಂದೆ ಬಂದ್ರೆ ಎರಡನ್ನೂ ಎಳೆದು ನೋಡೇ ತಗೊಳ್ಳೋರು. ಇಬ್ಬರೂ ಆಡಿ, ಗೆದ್ದೋನು ಇಲ್ಲಿರ್ಲಿ ಅಂದ್ರು. ಸಾಯಂಕಾಲ ಆಡೋಣ ಅಂದ ಅರುಳ್‌ದಾಸ್. ಮುನಿಯಣ್ಣ ಕೈಮುಗಿದು, "ಬೆಳಿಗ್ಗೆ ಆರೂವರೆಗೆ ಇಡಿ ಬುದ್ಧಿ" ಅಂದ. ವಯಸ್ಸಾದೋನು ಕೇಳ್ತಿದಾನೆ ಅಂತ ಮಾವ ಹೂಂ ಅಂದ್ರು.

ಮಾಗಿ ಕಾಲ. ಬೆಳಿಗ್ಗೆ ಆರೂವರೆ ಅಂದ್ರೆ ಬಸವನಗುಡೀಲಿ ಹಲ್ಲು ಕಟಕಟ ಅನ್ನೋ ಹೊತ್ತು. ನನಗೆ ಪಾಪ ಅನ್ನಿಸ್ತು. ಹಿಂದಿನ ಸಾಯಂಕಾಲ ಕೋರ್ಟಿನ ಬಾಗಿಲಲ್ಲಿ ಅವನಿಗೆ ಹೇಳ್ದೆ, "ನಾಳೆ ಚೆಂಡು ಚೆನ್ನಾಗಿ ಬಿಸಿ ಮಾಡ್ಕೊಂಡು ತರ್ತೀನಿ ಮುನಿಯಣ್ಣ."

"ಬೇಡ ಸ್ವಾಮಿ. ನಾಳೆ ಹಾಗೇ ತನ್ನಿ."

"ಚಳಿ ಕಣೋ."

"ಇರ್ಲಿ. ಬೇಡ."

ಅಷ್ಟೇ ಅಂದು ಸಣ್ಣಗೆ ನಕ್ಕ. ಅರುಳ್‌ದಾಸ್ ಎರಡು ಮಾರು ಆಚೆ ನಿಂತು ರಾಕೆಟ್ ಬೀಸ್ತಾ ಇದ್ದ. ಅವನ ಮುಂದೆ ಬಿಡಿಸಿ ಹೇಳೋಕಾಗ್ಲಿಲ್ಲ ಅಂತ ನನಗೆ ಆಗ ಹೊಳೀಲಿಲ್ಲ. ನನಗೆ ಹೊಳೆದಿದ್ದೇ ಬೇರೆ. ನಮ್ಮನೇಲಿ ಊಟಕ್ಕೆ ಕೂತೋರು ಬೇಡ ಅಂದ್ರೆ ಯಾರಾದ್ರೂ ಸೌಟು ವಾಪಸ್ ತಗೋತಾರಾ? ಮೊದಲನೇ ಬೇಡಕ್ಕೆ ಇನ್ನೊಂದು ಹೋಳಿಗೆ, ಎರಡನೇ ಬೇಡಕ್ಕೆ ಮೇಲೆ ತುಪ್ಪ. ಎಲೆ ಮೇಲೆ ಅಡ್ಡ ಬಿದ್ದು ಕೈ ಚಾಚಿದ್ರೆ ಮಾತ್ರ ಅದು ಬೇಡ. ಮುನಿಯಣ್ಣ ಎರಡು ಸಲ ಅಂದಿದ್ದ, ಅದೂ ನಗ್ತಾ. ಪಾಪ, ದಾಕ್ಷಿಣ್ಯದೋನು, ನನಗೆ ತೊಂದ್ರೆ ಕೊಡಬಾರದು ಅಂತ ಹೇಳ್ತಿದಾನೆ — ಹಾಗಂತ ತಿಳ್ಕೊಂಡು ಮನೆಗೆ ಬಂದೆ.

ಬೆಳಗಿನ ಜಾವ ಹಂಡೆಗೆ ಉರಿ ಹಾಕ್ದೆ. ಅವ್ವ ಪೂಜೆಗೆ ಮುಂಚೆ ಸ್ನಾನಕ್ಕೆ ಅಂತ ಬಂದು ಚೊಂಬು ಅದ್ದಿದ್ಲು. ಚೊಂಬಲ್ಲಿ ಚೆಂಡು ಬಂತು.

"ಲೋ ಗುರುಸಿದ್ಧ, ಹಂಡೇಲಿ ಬದನೇಕಾಯಿ ಯಾಕೋ ಬೇಯಿಸ್ತಿದೀಯ?"

"ಬದನೇಕಾಯಲ್ಲ ಅವ್ವ, ಚೆಂಡು. ಮಾವಂದು."

"ನಿಮ್ಮ ಮಾವಂಗೆ ಮರುಳು, ನಿನಗೆ ಹುಟ್ಟಿದಾಗಿಂದ. ನೀರೆಲ್ಲ ನಾರ್ತಿದೆ, ಚೆಲ್ಲಿ ಹೊಸ ನೀರು ಹಾಕು."

ಹೊಸ ನೀರು ಹಾಕ್ದೆ. ಕುದ್ದಿದ್ದ ಹಳೇ ನೀರನ್ನ ಮುಚ್ಚಳದ ಹಿತ್ತಾಳೆ ಡಬ್ಬೀಗೆ ತುಂಬಿ, ಎರಡು ಚೆಂಡನ್ನೂ ಅದರೊಳಗೇ ಬಿಟ್ಟು, ನನ್ನ ಉಣ್ಣೆ ಮಫ್ಲರ್ ಸುತ್ತಿ, ಬಾಣಂತಿ ಮಗು ಎತ್ಕೊಂಡಂಗೆ ಎದೆಗೆ ಅವಚ್ಕೊಂಡು ಬಸವನಗುಡೀಗೆ ನಡೆದೆ. ಕತ್ತು ಮರಗಟ್ಟಿತ್ತು. ನಾನು ಅವತ್ತು ಮಾಡಿದ್ದು ತ್ಯಾಗ ಅಂತಾನೇ ನಂಬಿದ್ದೆ.

ಕೋರ್ಟಿನ ಹಿಂದಿನ ಗೋಡೆ ಮೇಲೆ ಹಲಗೆ ಅಟ್ಟ. ಅಲ್ಲಿ ಮಾವ, ಪಕ್ಕದಲ್ಲಿ ಲೆಕ್ಕ ಕೂಗೋಕೆ ನಾನು. ಚೆಂಡು ನನ್ನ ವಶ. ಮೊದಲನೇದನ್ನ ಪಂಚೆಗೆ ಒರೆಸಿ ಕೆಳಗೆ ಎಸೆದೆ. ಅರುಳ್‌ದಾಸ್ ಹಿಡಿದು ಸೀದಾ ಆಟ ಶುರು ಮಾಡ್ದ.

ಮುನಿಯಣ್ಣನ ಆಟ ಹೇಗಿತ್ತು ಅಂದ್ರೆ — ಜೋರಾಗಿ ಹೊಡೀತಾನೇ ಇರ್ಲಿಲ್ಲ. ಹೊಡೀತಾನೆ ಅಂತ ಎದುರಾಳಿ ಹಿಂದೆ ಸರಿದಾಗ, ಚೆಂಡನ್ನ ಮೆಲ್ಲಗೆ ಮುಂದಿನ ಮೂಲೆಗೆ ಮುಟ್ಟಿಸ್ತಿದ್ದ. ತಗಡಿಗಿಂತ ಒಂದು ಬೆರಳು ಮೇಲೆ. ಅದು ಗೋಡೆ ಬುಡದಲ್ಲೇ ಮಲಗಿಬಿಡೋದು. ಅವತ್ತೂ ಹಾಗೇ ಮುಟ್ಟಿಸ್ದ. ಚೆಂಡು ಮಲಗಲಿಲ್ಲ. ಸೊಂಟದೆತ್ತರಕ್ಕೆ ಎದ್ದು ನಿಂತು, ಬಾ ಹೊಡಿ ಅಂತ ಅರುಳ್‌ದಾಸನ್ನ ಕರೀತು. ಅವನು ಓಡಿ ಬಂದು ಚಚ್ಚಿದ. ಇನ್ನೊಂದು ಸಲ. ಮತ್ತೆ ಇನ್ನೊಂದು ಸಲ. ಮೊದಲನೇ ಆಟ ಅರುಳ್‌ದಾಸಂಗೆ, ಒಂಬತ್ತಕ್ಕೆ ಮೂರು.

ಯಾಕೆ ಅಂತ ಪೂರ್ತಿ ಗೊತ್ತಾಗ್ಲಿಲ್ಲ, ಆದ್ರೆ ಏನೋ ತಪ್ಪಾಗಿದೆ ಅಂತ ಗೊತ್ತಾಯ್ತು. ಎದ್ದ ಚೆಂಡಿದ್ರೆ ಮಾತ್ರ ನನಗೆ ಹೊಡಿಯೋಕೆ ಬರ್ತಿತ್ತು, ಅದಕ್ಕೇ ಎದ್ದ ಚೆಂಡೇ ಎಲ್ಲರಿಗೂ ಒಳ್ಳೇದು ಅಂದ್ಕೊಂಡಿದ್ದೆ.

ಮುನಿಯಣ್ಣ ಚೆಂಡನ್ನ ಎತ್ಕೊಂಡು ಅಂಗೈಯಲ್ಲಿ ಹಿಡಿದ. ಹೊರಗಿನ ಚಳಿಗೆ ಚೆಂಡಿನ ಮೈ ಆರಿತ್ತು, ಆಟದ ಕಾವು ಬೇರೆ ಸೇರಿತ್ತು — ಅವನಿಗೂ ಖಚಿತ ಆಗ್ಲಿಲ್ಲ. ತಲೆ ಎತ್ತಿ ನನ್ನ ನೋಡ್ದ.

"ಸ್ವಾಮಿ, ಚೆಂಡು ಬಿಸಿ ಮಾಡಿದ್ರಾ?"

ಮಾವ ನನ್ನ ಕಡೆ ತಿರುಗಿದ್ರು. ಮಾವನ ಅಂಗಡೀಲಿ ದಪ್ಪ ಕಾಣ್ಲಿ ಅಂತ ಬಟ್ಟೆಗೆ ಗಂಜಿ ಜಾಸ್ತಿ ಹಾಕಿದೋನಿಗೆ ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸ್ತಿದ್ರು. ಇಲ್ಲಿಂದಲೂ ಓಡಿಸಿದ್ರೆ ನನಗೆ ಅಂತ ಉಳಿದಿರೋ ಜಾಗ ಯಾವುದೂ ಇರ್ಲಿಲ್ಲ. ಕಾಲ ಹತ್ರ ಇಟ್ಟಿದ್ದ ಡಬ್ಬಿ ಇನ್ನೂ ಬೆಚ್ಚಗಿತ್ತು. ಅದನ್ನ ಕಾಲಿಂದ ಹಿಂದಕ್ಕೆ ತಳ್ಳಿ —

"ಇಲ್ಲ ಮುನಿಯಣ್ಣ. ನೀನು ಹೇಳಿದಂಗೆ ಹಾಗೇ ತಂದೆ" ಅಂದೆ.

ಅವನು ನನ್ನ ಮಾತು ನಂಬಿದ. ಕೈಯಲ್ಲಿದ್ದ ಚೆಂಡನ್ನ ನಂಬಲಿಲ್ಲ, ನನ್ನ ನಂಬಿದ. ಚೆಂಡನ್ನ ಎಡಗೈಗೆ ಹಾಕ್ಕೊಂಡು, ಬಲಗೈ ಬೆರಳು ಒಂದೊಂದೇ ಮಡಚಿ, ಬಿಡಿಸಿ, ನೋಡ್ಕೊಂಡ. ಆಮೇಲಿನ ಎರಡು ಆಟದಲ್ಲಿ ಮೂಲೆಗೆ ಮುಟ್ಟಿಸೋಕೇ ಹೋಗ್ಲಿಲ್ಲ. ಹುಡುಗನ ಥರ ಜೋರಾಗಿ ಹೊಡೆದ, ಹುಡುಗನ ಥರ ಓಡಿದ, ಏದುಸಿರು ಬಿಟ್ಟ, ಎರಡೂ ಸೋತ. ತಣ್ಣಗಿರೋ ಚೆಂಡು ಕೊಟ್ಟು ಸರಿ ಮಾಡೋಣ ಅಂದ್ರೆ ನನ್ನ ಹತ್ರ ಒಂದೂ ಇರ್ಲಿಲ್ಲ. ಎರಡನ್ನೂ ಬೇಯಿಸಿದ್ದೆನಲ್ಲ.

ಆಟ ಮುಗಿದ ಮೇಲೆ ಮಾವನ ಮುಂದೆ ಬಂದು ರಾಕೆಟ್ ಗೋಡೆಗೆ ಒರಗಿಸ್ದ. "ಕೈ ಹೋಯ್ತು ಬುದ್ಧಿ" ಅಂದ. "ನಮ್ಮಪ್ಪಂಗೂ ಇದೇ ವಯಸ್ಸಲ್ಲೇ ಹೋಯ್ತು. ಮೊದಲು ಹದ ತಪ್ಪತ್ತೆ, ಆಮೇಲೆ ನಡುಕ. ಕೊನೇಗೆ ತುತ್ತು ಬಾಯಿಗೆ ಹೋಗ್ತಿರ್ಲಿಲ್ಲ ಅವರಿಗೆ."

ನಾನು ಅಲ್ಲೇ ಇದ್ದೆ. ಅಟ್ಟದಿಂದ ಇಳಿದು ಬರೋಕೆ ಆರು ಮೆಟ್ಟಿಲು, ಅಷ್ಟೇ. ಇಳೀಲಿಲ್ಲ.

ಅವನು ಕೆಂಪಾಂಬುಧಿ ಕೆರೆ ಪಕ್ಕ ಅವರಣ್ಣನ ಸೊಪ್ಪಿನ ತೋಟಕ್ಕೆ ಹೋದ. ನಾನು ಇಲ್ಲೇ ಕಿಸಿಕಿಸಿ ನಗ್ತಾ ಇದ್ದೆ. ಅವ್ವನ ಬದನೇಕಾಯಿ ಕಥೆ ಹೇಳಿ ಎಷ್ಟು ಜನರನ್ನ ನಗಿಸಿದೀನೋ — ಅದರಲ್ಲಿ ಮುನಿಯಣ್ಣನ ಹೆಸರೇ ಬರದಂಗೆ ಹೇಳ್ತಿದ್ದೆ. ಮರುವರ್ಷ ಮಾಗಿ ಬಂತು. ಒಂದು ದಿನ ಬೆಳಿಗ್ಗೆ ಚೆಂಡು ಏಳದೆ ಒದ್ದಾಡ್ತಿದ್ದೆ. ಅರುಳ್‌ದಾಸ್ ನಕ್ಕ. "ಚಳೀಲಿ ಇದು ಮುನಿಯಣ್ಣೋರ ಚೆಂಡು ತಂಬಿ. ಅವರು ಬೆಳಿಗ್ಗೆ ಆಟ ಕೇಳಿದಾಗ್ಲೇ ನಾನು ಸೋತೆ ಅಂದ್ಕೊಂಡಿದ್ದೆ. ಅವತ್ತು ಅದು ಹೇಗೆ ಎದ್ದಿತೋ, ದೇವರಿಗೇ ಗೊತ್ತು."

ದೇವರಿಗೂ ಗೊತ್ತಿತ್ತು, ನನಗೂ ಗೊತ್ತಾಯ್ತು. ಅಲ್ಲಿಂದ ಕೆಂಪಾಂಬುಧಿಗೆ ಅರ್ಧ ಗಂಟೆ ದಾರಿ. ಅದನ್ನ ನಡೆಯೋಕೆ ನನಗೆ ಇನ್ನೂ ಹತ್ತು ತಿಂಗಳು ಬೇಕಾಯ್ತು. ನಾಳೆ, ಹಬ್ಬ ಆಗ್ಲಿ, ಮಳೆ ನಿಲ್ಲಲಿ... ಕೊನೆಗೆ ಮೊದಲು ಮಾವನಿಗೆ ಹೇಳ್ದೆ. ಅವರು ಬಯ್ಯಲಿಲ್ಲ. ಕೋರ್ಟಿನ ಬೀಗದ ಕೈ ಇಸ್ಕೊಂಡು, "ನನಗೆ ಯಾಕೋ ಹೇಳ್ತೀಯ? ಹೋಗಿ ಅವನಿಗೆ ಹೇಳು" ಅಂದ್ರು.

ಹೋದೆ. ಮುನಿಯಣ್ಣ ಬಾವಿ ಕಟ್ಟೆ ಹತ್ರ ಕೂತು ದಂಟಿನ ಸೊಪ್ಪು ಕಂತೆ ಕಟ್ತಿದ್ದ — ಎಡಗೈಲಿ, ಹಲ್ಲಲ್ಲಿ ನಾರು ಕಚ್ಕೊಂಡು. ಬಲಗೈ ಟವಲ್ ಒಳಗೆ ಮಡಿಲಲ್ಲಿತ್ತು. "ಬನ್ನಿ ಸ್ವಾಮಿ, ಆಟ ಚೆನ್ನಾಗಿ ಬಂತಾ ಈಗ?" ಅಂದ. ನನ್ನ ಕೆಟ್ಟ ಬುದ್ಧಿ ನೋಡಿ, "ಒಂದು ತಮಾಷೆ ಹೇಳ್ತೀನಿ ಮುನಿಯಣ್ಣ" ಅಂತಾನೇ ಶುರು ಮಾಡ್ದೆ. ಹಂಡೆ ಅಂದೆ, ಅವ್ವ ಅಂದೆ, ಬದನೇಕಾಯಿ ಅಂದೆ. ಅವನು ನಗಲಿಲ್ಲ. ಆಮೇಲೆ ನನಗೂ ಆಗ್ಲಿಲ್ಲ. ಉಳಿದಿದ್ದನ್ನ ನೆಲ ನೋಡ್ಕೊಂಡು ಹೇಳಿ ಮುಗಿಸ್ದೆ.

"ಎರಡೂ ಬೇಯಿಸಿದ್ರಾ?" ಅಂದ.

"ಎರಡೂ."

ಅವನು ಟವಲ್ ಸರಿಸಿ ಬಲಗೈ ಹೊರಗೆ ತೆಗೆದ. ಮುಂದಕ್ಕೆ ಚಾಚಿ ಹಿಡ್ಕೊಂಡ. ಬಹಳ ಹೊತ್ತು ಹಿಡ್ಕೊಂಡೇ ಇದ್ದ. ಒಂದಿಷ್ಟೂ ಅಲುಗಾಡಲಿಲ್ಲ ಆ ಕೈ. ನಾನು ಕಾಲಿಗೆ ಬೀಳೋಕೆ ಬಗ್ಗಿದೆ, ಅದೇ ಕೈಲಿ ತಡೆದು ಕೂರಿಸ್ದ. ನನ್ನ ಬೈದಿದ್ರೆ ಅದನ್ನೂ ಇಲ್ಲಿ ಬರೀತಿದ್ದೆ. ಅವನು ಅಂದಿದ್ದು ಇಷ್ಟು:

"ಸೋತಿದ್ದಕ್ಕೆ ಏನಿಲ್ಲ ಸ್ವಾಮಿ, ಆಟ ಅಂದ್ಮೇಲೆ ಅದೂ ಉಂಟು. ಕೆಲಸ ಹೋಯ್ತು, ಇಲ್ಲಿ ಸೊಪ್ಪಿದೆ. ಹೋದ ವರ್ಷ ನನ್ನ ಮಗಳಿಗೆ ಗಂಡುಮಗು ಆಯ್ತು. ಅಪ್ಪಾ ಎತ್ಕೊಳ್ಳಿ ಅಂತ ತಂದು ಮುಂದೆ ಹಿಡಿದ್ಲು. ಕೈ ಜಾರೀತು ಅಂತ ನಾನು ಇಸ್ಕೊಳ್ಳಲಿಲ್ಲ. ಒಂದು ದಿನಾನೂ ಇಸ್ಕೊಳ್ಳಲಿಲ್ಲ. ಈಗ ಅದು ನಡೆಯತ್ತೆ ಸ್ವಾಮಿ. ನನ್ನ ಕಂಡ್ರೆ ಯಾರೋ ಅಂತ ಓಡಿಹೋಗತ್ತೆ."