ಅವ್ವ ಓಟು ಬಿಟ್ಟದ್ದು

ಪಂಚಾಯಿತಿ ಚುನಾವಣೆಯಲ್ಲಿ ಒಂದು ಓಣಿಯ ಮತ ಗುಟ್ಟಾಗಿ ಉಳಿಯುವುದಿಲ್ಲ. ಯಾರು ಯಾರ ಕಡೆ ಎಂಬುದು ಎಣಿಕೆ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸಿಂದಗಿ ತಾಲ್ಲೂಕಿನ ನಮ್ಮೂರಿನಲ್ಲಿ ಆ ಸಲ ಸೋತವನು, ತನ್ನನ್ನು ಕೆಡವಿದ್ದು ನಮ್ಮ ಓಣಿಯೇ ಎಂದು ತೀರ್ಮಾನಿಸಿದ.

ಸಂಜೆ ಅವನ ಕಡೆಯವರು ಬಡಿಗೆ ಹಿಡಿದು ಬಂದರು. ಪಕ್ಕದ ಮುದುಕನ ಚಹಾದಂಗಡಿ ಕೆಡವಿ, ನಮ್ಮ ಬಾಗಿಲು ಒದ್ದರು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಅಪ್ಪನಿಗೆ ಅಡ್ಡ ನಿಂತಳು. ಮೊದಲ ಏಟು ಅವಳ ಮೊಣಕೈಗೆ ಬಿತ್ತು. ಒಣ ದಂಟು ಮುರಿದಂಥ ಸದ್ದು. ಅಪ್ಪನ ತಲೆಯಿಂದ ಸಿಡಿದ ರಕ್ತ ಕಾದ ಹಂಚಿಗೆ ಬಿದ್ದು ಚುರ್ರೆಂದಿತು. ನಾನು ಜೋಳದ ಚೀಲಗಳ ಹಿಂದೆ ಅಡಗಿದ್ದೆ. ಡಿಗ್ರಿ ಓದುತ್ತಿದ್ದ ಗಂಡಸು, ಎದ್ದು ಬರಲಿಲ್ಲ.

ಮೂರನೇ ದಿನ ನಾವು ಗೆಲ್ಲಿಸಿದ ಮೆಂಬರ್ ದವಾಖಾನೆಗೆ ಬಂದ. ಸೋತವನೂ ಜೊತೆಗಿದ್ದ. ಅಧ್ಯಕ್ಷ ಸ್ಥಾನಕ್ಕಾಗಿ ಎರಡೂ ಗುಂಪು ಒಂದಾಗಿದ್ದವು.

"ಆದದ್ದು ಆತು. ಕೇಸು ವಾಪಸ್ ತಗೋರಿ, ಊರಾಗ ಕೂಡಿ ಇರೂಣು" ಎಂದ ಮೆಂಬರ್.

ಅಪ್ಪ ಗೋಡೆ ನೋಡಿದ. ಅವ್ವ ಕೇಳಿದಳು: "ನೀವು ಇಬ್ರೂ ಒಂದಾಗೂದಿತ್ತಂದ್ರ, ನಮ್ಮನ್ನ ಯಾಕ ಹೊಡಿಸಿದ್ರಿ ಸಾವ್ಕಾರ್ರ?"

ಮೆಂಬರ್ ಬಾಳೆಹಣ್ಣು ಇಟ್ಟು ಹೋದ. ಅಪ್ಪ ಠಾಣೆಗೆ ಹೋಗಿ ಸಹಿ ಮಾಡಿದ. ಅವ್ವನ ಎಲುಬು ಸೊಟ್ಟಗೆ ಕೂಡಿತು. ಮತ್ತೆ ಅವಳಿಗೆ ರೊಟ್ಟಿ ಬಡಿಯಲಾಗಲಿಲ್ಲ.

ಕೆಲವು ವರ್ಷಗಳ ನಂತರ ವಿಧಾನಸಭೆ ಚುನಾವಣೆ ಬಂತು. ಅಷ್ಟರಲ್ಲಿ ನಾನು ಹೈಸ್ಕೂಲ್ ಮಾಸ್ತರನಾಗಿದ್ದೆ. ಓಟು ನಮ್ಮ ಹಕ್ಕು ಎಂದು ಮಕ್ಕಳಿಗೆ ಹೇಳುತ್ತಿದ್ದುದನ್ನೇ ಅವ್ವನಿಗೂ ಹೇಳಿದೆ.

"ಅವರು ಗೆದ್ರೂ ನಮಗ ಬಡಿಗಿ, ಸೋತ್ರೂ ನಮಗ ಬಡಿಗಿ. ನಾ ಬರೂದಿಲ್ಲ" ಎಂದಳು.

ಮತದಾನದ ದಿನ ಓಣಿಯಿಂದ ಯಾರೂ ಹೊರಡಲಿಲ್ಲ. ಮಧ್ಯಾಹ್ನ ಅದೇ ಮೆಂಬರ್ ಜೀಪು ತಂದು ನಿಲ್ಲಿಸಿದ. "ಏಳಬೇ, ಹೊತ್ತಾತು" ಎಂದವನೇ ಅವ್ವನ ಸೊಟ್ಟ ಕೈ ಹಿಡಿದು ಎಳೆದ. ಅವಳು ಚೀರಿದಳು. ನಾನು ಗುದ್ದಲಿಯ ಕಾವು ಎತ್ತಿ ಅವನ ಬಾಯಿಗೆ ಹೊಡೆದೆ. ಹಲ್ಲುಗಳು ಅಂಗಳಕ್ಕೆ ಬಿದ್ದವು. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಮತ್ತೆ ಗುದ್ದಿದೆ. ಹೊಡೆಯುವುದರಲ್ಲಿ ನನಗೆ ಸುಖವಿತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅವ್ವನೇ ನನ್ನ ಅಂಗಿ ಜಗ್ಗಿದಳು. "ಬಿಡೋ, ಸಾಯ್ತಾನ. ನಮ್ಮ ಕಡಿಗೆ ಯಾರೂ ಬರ್ಲಿಲ್ಲ, ನಾಳೆ ಇವನ ಹೆಂಡ್ತಿ ಕಡಿಗೂ ಯಾರೂ ಬರೂದಿಲ್ಲ."

ಪೊಲೀಸರು ನನ್ನನ್ನು ಒಯ್ದರು. ನೌಕರಿಯಿಂದ ಅಮಾನತಾದೆ. ಜಾಮೀನು ಸಿಕ್ಕ ದಿನ ಅವ್ವ ಜೈಲಿನ ಬಾಗಿಲಿಗೆ ಬಂದಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ. ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು:

"ಅಂವಗ ಈಗ ರೊಟ್ಟಿ ತಿನ್ನಾಕ ಬರ್ತೈತೇನು?"